ಗಾಳಿ ಬೇಕು, ಸದ್ದು ಬೇಡ: ಒಂದು ಫುಲ್‌ಫೇಸ್ ಹೆಲ್ಮೆಟ್ಟಿನ ಎರಡು ವರ್ಷದ ಬಳಕೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಒಳಗೆ ಗಾಳಿ ಧಾರಾಳವಾಗಿ ಆಡಬೇಕು, ಕಿವಿಗೆ ಸದ್ದು ಮಾತ್ರ ಬೀಳಬಾರದು ಎನ್ನುವವರಿಗೆ ಹೇಳಿ ಮಾಡಿಸಿದ ಹೆಲ್ಮೆಟ್ ನನಗಂತೂ ಸಿಕ್ಕಿಲ್ಲ. ಸಿಕ್ಕಿರುವುದು ಗಾಳಿ ಚೆನ್ನಾಗಿ ಆಡುವ, ಸದ್ದನ್ನು ಸಹಿಸಬಹುದಾದ ಮಟ್ಟದಲ್ಲಿ ಇಟ್ಟಿರುವ ಹೆಲ್ಮೆಟ್. ಮಿಕ್ಕ ಸದ್ದನ್ನು ಔಷಧದಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ನೋಡಿಕೊಳ್ಳುತ್ತಿದೆ. ಎರಡು ವರ್ಷ ದಾಟಿದ ಮೇಲೂ ಈ ಏರ್ಪಾಟಿನ ಬಗ್ಗೆ ನನಗೆ ದೂರಿಲ್ಲ.

ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ನನ್ನ ತಲೆ ಹಿಂದೆ ಮುಂದೆ ಉದ್ದ, ಪಕ್ಕಗಳಲ್ಲಿ ಕಿರಿದು. ಅದಕ್ಕೆ ಹೊಂದಿದ ಹೆಲ್ಮೆಟ್ ದುಂಡು ತಲೆಯವರಿಗೆ ಹಣೆ ಒತ್ತಿ ನೋವು ಕೊಡುತ್ತದೆ, ಕಿವಿಯ ಹತ್ತಿರ ಸಂದು ಬಿಟ್ಟು ಕೂಗುತ್ತದೆ. ಹೆಸರು ನೋಡಿ ಆನ್‌ಲೈನಿನಲ್ಲಿ ತರಿಸಿಕೊಂಡವರು ಆಮೇಲೆ ನನ್ನನ್ನು ಬೈಯುವುದು ಬೇಡ. ಇಷ್ಟು ತಿಳಿದರೆ ಸಾಕು: ಫೈಬರ್‌ಗ್ಲಾಸ್ ಚಿಪ್ಪು, ತೂಕ ಒಂದೂವರೆ ಕಿಲೋ ಆಸುಪಾಸು, ಐಎಸ್‌ಐ ಗುರುತಿನ ಜೊತೆಗೆ ಯುರೋಪಿನ ಸುರಕ್ಷತಾ ಮಾನದಂಡವಾದ ಇಸಿಇ 22.06ರ ಮುದ್ರೆಯೂ ಇದೆ, ಬೆಲೆ ಹದಿನೈದು ಸಾವಿರದೊಳಗೆ. 2021ರ ಜೂನ್‌ನಿಂದ ನಮ್ಮಲ್ಲಿ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಹಾಗಿದ್ದರೂ ರಸ್ತೆಬದಿಯಲ್ಲಿ ಸ್ಟಿಕ್ಕರ್ ಅಂಟಿಸಿದ ಟೋಪಿಗಳು ರಾಶಿ ಬಿದ್ದಿರುತ್ತವೆ. ಅವುಗಳಲ್ಲಿ ಸದ್ದಿನ ಮಾತಿರಲಿ, ತಲೆಯ ಮಾತೇ ಅನುಮಾನ.

ನನ್ನ ಓಡಾಟ ಹೆಚ್ಚಾಗಿ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ. ನೆಲಮಂಗಲ ದಾಟಿದ ಮೇಲೆ ಹಾಸನದವರೆಗೆ ನಾಲ್ಕು ಪಥದ ನೇರ ರಸ್ತೆ, ಬಯಲಿನ ಅಡ್ಡಗಾಳಿ. ಸಕಲೇಶಪುರದಲ್ಲಿ ಮಂಜು, ಶಿರಾಡಿ ಘಾಟಿಯಲ್ಲಿ ಮಳೆ, ಉಪ್ಪಿನಂಗಡಿಗೆ ಇಳಿಯುವಷ್ಟರಲ್ಲಿ ಬೆವರಿನ ಸ್ನಾನ. ಹೆಲ್ಮೆಟ್ಟನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. ಒಂದೇ ದಿನದಲ್ಲಿ ಅದರ ಎಲ್ಲ ಗುಣವೂ ಹೊರಬೀಳುತ್ತದೆ.

ಸದ್ದು ಎಲ್ಲಿಂದ ಬರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕು. ಹೆಲ್ಮೆಟ್ಟಿನ ನೆತ್ತಿಯ ಮೇಲೆ ಹರಿಯುವ ಗಾಳಿಗಿಂತ, ಗದ್ದದ ಕೆಳಗಿನಿಂದಲೂ ಕುತ್ತಿಗೆಯ ಸುತ್ತಲಿನಿಂದಲೂ ನುಗ್ಗುವ ಗಾಳಿಯ ಗಲಾಟೆಯೇ ಹೆಚ್ಚು. ಪರೀಕ್ಷೆ ಸುಲಭ: ಖಾಲಿ ರಸ್ತೆಯಲ್ಲಿ ಓಡಿಸುವಾಗ ಭುಜಗಳನ್ನು ಮೇಲೆತ್ತಿ ಹೆಲ್ಮೆಟ್ಟಿನ ಅಂಚಿಗೆ ತಾಗಿಸಿ ನೋಡಿ. ಸದ್ದು ತಟ್ಟನೆ ಇಳಿದರೆ ದೋಷ ಕೆಳಗಿನ ಸಂದಿನದು. ಅದಕ್ಕೆ ಗದ್ದದ ಕೆಳಗೆ ಸಿಕ್ಕಿಸುವ ಬಟ್ಟೆಯ ಪರದೆ, ಕುತ್ತಿಗೆಗೆ ಸುತ್ತಿದ ತೆಳು ಬಟ್ಟೆ ಎರಡೂ ಮದ್ದು.

ಇನ್ನೊಂದು ಪರೀಕ್ಷೆ ಬೈಕಿನದು. ಓಡುವ ಬೈಕಿನಲ್ಲಿ ಕಾಲಿಡುವ ಫುಟ್‌ಪೆಗ್ ಮೇಲೆ ಎದ್ದು ನಿಂತಾಗ ದಬದಬ ಬಡಿತ ನಿಂತು ಬರೀ ಸುಯ್ಯೆನ್ನುವ ಸದ್ದು ಉಳಿದರೆ, ತಪ್ಪು ಹೆಲ್ಮೆಟ್ಟಿನದಲ್ಲ. ಮುಂದಿನ ವಿಂಡ್‌ಸ್ಕ್ರೀನ್ ಗಾಳಿಯನ್ನು ಸೀಳಿ, ಕದಡಿ, ನೇರವಾಗಿ ನಿಮ್ಮ ಹಣೆಗೆ ಎಸೆಯುತ್ತಿದೆ ಎಂದರ್ಥ. ನನ್ನ ಬೈಕಿನಲ್ಲಿ ಆಗುತ್ತಿದ್ದದ್ದು ಇದೇ. ಸ್ಕ್ರೀನನ್ನು ಬಿಚ್ಚಿಟ್ಟೆ. ಎದೆಗೆ ಗಾಳಿಯ ಒತ್ತಡ ಹೆಚ್ಚಾಯಿತು, ತಲೆಗೆ ನೆಮ್ಮದಿ ಬಂತು. ಎತ್ತರದ ಸ್ಕ್ರೀನ್ ಹಾಕಿಸಿಕೊಂಡು ಸದ್ದು ಕಡಿಮೆಯಾಗಲಿಲ್ಲವೆಂದು ಮತ್ತೊಂದು ದುಬಾರಿ ಹೆಲ್ಮೆಟ್ ಕೊಳ್ಳುವವರನ್ನು ಕಂಡಾಗ ಅಯ್ಯೋ ಎನ್ನಿಸುತ್ತದೆ.

ಗಾಳಿಕಿಂಡಿಗಳ ವಿಷಯದಲ್ಲಿ ಅಂಗಡಿಯಲ್ಲೇ ಒಂದು ಕೆಲಸ ಮಾಡಿ. ಒಳಗಿನ ಬಟ್ಟೆಯ ಪದರವನ್ನು ಬಿಚ್ಚಿ, ಕಿಂಡಿ ತೆರೆದು, ಹೊರಗಿನಿಂದ ಮೊಬೈಲಿನ ಟಾರ್ಚ್ ಬಿಡಿ. ಥರ್ಮಾಕೋಲಿನ ತೂತಿನಲ್ಲಿ ಬೆಳಕು ಕಂಡರೆ ಸರಿ. ಹೊರಗೆ ದೊಡ್ಡ ಕಿಂಡಿ, ಒಳಗೆ ಗೋಡೆ ಎಂಬಂಥ ಹೆಲ್ಮೆಟ್ಟುಗಳು ಬೇಕಾದಷ್ಟಿವೆ. ಮುಂದಿನ ತೂತಿನಿಂದ ಹಿಂದಿನ ತೂತಿನವರೆಗೆ ಥರ್ಮಾಕೋಲಿನಲ್ಲಿ ಕಾಲುವೆ ಕೊರೆದಿರಬೇಕು. ಹಿಂದೆ ಹೊರಹೋಗಲು ದಾರಿಯಿಲ್ಲದಿದ್ದರೆ ಮುಂದಿನಿಂದ ಬಂದ ಗಾಳಿಯೂ ಒಳಗೆ ಹರಿಯುವುದಿಲ್ಲ. ನನ್ನದರಲ್ಲಿ ಗದ್ದಕ್ಕೊಂದು, ನೆತ್ತಿಗೆರಡು, ಹಿಂದೆರಡು ಕಿಂಡಿಗಳಿವೆ. ಚನ್ನರಾಯಪಟ್ಟಣದ ಬಿಸಿಲಿನಲ್ಲಿ ನೆತ್ತಿಯ ಮೇಲೆ ಗಾಳಿ ಹರಿಯುವುದು ಕೂದಲಿನ ಬುಡಕ್ಕೇ ಗೊತ್ತಾಗುತ್ತದೆ. ಕಿಂಡಿ ಪೂರ್ತಿ ತೆರೆದರೆ ಸದ್ದು ಸ್ವಲ್ಪ ಏರುತ್ತದೆ, ಅದು ನ್ಯಾಯ. ಅರ್ಧ ತೆರೆದರೆ ಮಾತ್ರ ಸಿಳ್ಳೆ ಹೊಡೆಯುತ್ತದೆ. ಹಾಗಾಗಿ ನನ್ನ ಪಾಲಿಗೆ ಅರ್ಧ ಎಂಬುದಿಲ್ಲ, ಪೂರ್ತಿ ತೆಗೆಯುವುದು ಅಥವಾ ಪೂರ್ತಿ ಮುಚ್ಚುವುದು.

ಬೆಂಗಳೂರಿನ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಈ ಕಿಂಡಿಗಳೆಲ್ಲ ಬರೀ ಅಲಂಕಾರ. ಗಾಡಿ ಓಡದಿದ್ದರೆ ಗಾಳಿ ಎಲ್ಲಿಂದ ಬರಬೇಕು? ಊರೊಳಗೇ ಓಡಾಡುವವರು ಕಿಂಡಿಗಳ ಲೆಕ್ಕ ಬಿಟ್ಟು, ಗಾಜನ್ನು ಒಂದೇ ಒಂದು ಮೆಟ್ಟಿಲು ತೆರೆದು ನಿಲ್ಲಿಸಲು ಬರುವ ಹೆಲ್ಮೆಟ್ ನೋಡಿಕೊಳ್ಳುವುದು ಲೇಸು.

ಅಳತೆಯ ಬಗ್ಗೆ ಅಂಗಡಿಯವರು ಹೇಳುವುದೆಲ್ಲ ಸುಳ್ಳಲ್ಲ. ಹುಬ್ಬಿನ ಮೇಲಿನಿಂದ ತಲೆಯ ಸುತ್ತ ಟೇಪು ಹಿಡಿದ ಯಜಮಾನರು, ‘ಕೆನ್ನೆ ಒತ್ತಿದರೆ ಚಿಂತೆ ಬೇಡ ಸರ್, ಹಣೆ ಒತ್ತಿದರೆ ತೆಗೆದುಕೊಳ್ಳಬೇಡಿ’ ಎಂದರು. ಆ ಮಾತು ಅಕ್ಷರಶಃ ನಿಜವಾಯಿತು. ಕೆನ್ನೆಯ ಪ್ಯಾಡ್‌ಗಳು ಬೇಗನೆ ಸಡಿಲವಾದವು. ಆದರೆ ಅಲ್ಲಿಗೇ ನಿಲ್ಲಲಿಲ್ಲ: ಒಂದು ವರ್ಷದ ಹೊತ್ತಿಗೆ ಅವು ಕುಗ್ಗಿ, ತಲೆ ತಿರುಗಿಸಿದರೆ ಹೆಲ್ಮೆಟ್ ಅರೆಕ್ಷಣ ತಡವಾಗಿ ತಿರುಗತೊಡಗಿತು, ಸದ್ದೂ ಏರಿತು. ಅದೇ ಮಾದರಿಗೆ ಸಿಗುವ ಒಂದು ಹಂತ ದಪ್ಪನೆಯ ಪ್ಯಾಡ್ ಹಾಕಿದ ಮೇಲೆ ಹೊಸದರಲ್ಲಿದ್ದ ಮೌನ ಮರಳಿ ಬಂತು. ಕೊಂಡ ವಾರದಲ್ಲೇ ಬರೆಯುವ ವಿಮರ್ಶೆಗಳಲ್ಲಿ ಈ ವಿಚಾರ ಇರುವುದಿಲ್ಲ.

ಗದ್ದದ ಪರದೆ ಹಾಕಿದರೆ ಸದ್ದು ಇಳಿಯುತ್ತದೆ, ಉಸಿರು ಗಾಜಿಗೆ ಬಡಿದು ಮಬ್ಬು ಹೆಚ್ಚುತ್ತದೆ. ಬೇಸಿಗೆಯಲ್ಲಿ ಅದನ್ನು ಕಳಚಿಡುತ್ತೇನೆ. ಮಳೆಗಾಲದಲ್ಲಿ ಗಾಜಿನ ಒಳಗೆ ಮಬ್ಬು ತಡೆಯುವ ಪಿನ್‌ಲಾಕ್ ಪದರ ಇರಲೇಬೇಕು. ದೋಣಿಗಲ್ ಇಳಿಜಾರಿನ ಮಂಜಿನಲ್ಲಿ ಅದಿಲ್ಲದೆ ಗಾಜು ಎತ್ತಿಕೊಂಡು, ಕಣ್ಣಿಗೆ ಮಳೆ ಹೊಡೆಸಿಕೊಂಡು ಹೋಗಬೇಕಾಗುತ್ತದೆ. ಆ ಪದರ ಮೆದು, ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಗಾಜಿನ ಸುತ್ತಲಿನ ರಬ್ಬರಿಗೆ ಧೂಳು ಕೂತರೂ ಸಿಳ್ಳೆ ಶುರುವಾಗುತ್ತದೆ. ತೊಳೆದು, ಒಂದು ಹನಿ ಸಿಲಿಕೋನ್ ಎಣ್ಣೆ ಸವರಿದರೆ ಸಾಕು.

ಇನ್ನು ಇಯರ್‌ಪ್ಲಗ್. ಎಷ್ಟೇ ಬೆಲೆಯ ಹೆಲ್ಮೆಟ್ ಹಾಕಿದರೂ ಹೆದ್ದಾರಿಯ ವೇಗದಲ್ಲಿ ಕಿವಿಗೆ ಬೀಳುವ ಗಾಳಿಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ, 100ರ ಹತ್ತಿರ ಹೋಗುವುದೂ ಉಂಟು. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆಯೊಂದರ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. ಹಾಗೆ ಇಳಿಸುತ್ತ ಹೋದರೆ 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ. ಇಯರ್‌ಪ್ಲಗ್ ಇಲ್ಲದ ದಿನಗಳಲ್ಲಿ ಹಾಸನ ಮುಟ್ಟಿ ಬೈಕು ನಿಲ್ಲಿಸಿದ ಮೇಲೂ ನನ್ನ ಕಿವಿ ಗುಂಯ್‌ಗುಡುತ್ತಿತ್ತು; ಅದು ದಣಿವಲ್ಲ, ಕಿವಿಗೆ ಬಿದ್ದ ಪೆಟ್ಟು. ಸ್ಪಂಜನ್ನು ಬೆರಳಿನಲ್ಲಿ ಹೊಸೆದು ಸಣ್ಣ ಬತ್ತಿ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಉಬ್ಬುವವರೆಗೆ ಹಿಡಿದಿರಬೇಕು. ಸುಮ್ಮನೆ ತುರುಕಿ ‘ಪ್ರಯೋಜನವಿಲ್ಲ’ ಎನ್ನುವವರೇ ಬಹಳ. ಲಾರಿಯ ಹಾರ್ನ್ ಕೇಳಿಸುವುದಿಲ್ಲವೇ ಎಂದು ಮನೆಯವರು ಕೇಳಿದರು. ಕೇಳಿಸುತ್ತದೆ; ಎಂಜಿನ್ನಿನ ಸದ್ದೂ ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತದೆ, ಏಕೆಂದರೆ ಅದನ್ನು ಮುಳುಗಿಸುತ್ತಿದ್ದ ಗಾಳಿಯ ಅಬ್ಬರ ತಗ್ಗಿರುತ್ತದೆ. ಊರೊಳಗೆ ಬಂದೊಡನೆ ತೆಗೆದಿಡುತ್ತೇನೆ. ಬ್ಲೂಟೂತ್ ಪೆಟ್ಟಿಗೆ ಸಿಕ್ಕಿಸಿ, ಗಾಳಿಯ ಸದ್ದಿನ ಮೇಲೆ ಹಾಡಿನ ಸದ್ದನ್ನು ಏರಿಸಿಕೊಳ್ಳುವವರ ಕಿವಿಗೆ ಎರಡು ಕಡೆಯಿಂದಲೂ ಹೊಡೆತ.

ಬೇಸರವೆಂದರೆ ಬಿಡಿಭಾಗ. ಗೀರು ಬಿದ್ದ ಗಾಜನ್ನು ಬದಲಿಸಲು ಮಾರಾಟಗಾರರು ‘ಮುಂದಿನ ವಾರ’ ಎನ್ನುತ್ತ ತಿಂಗಳುಗಳನ್ನು ಕಳೆದರು. ಕೊನೆಗೆ ಬೇರೆ ಊರಿನಿಂದ ತರಿಸಿಕೊಂಡೆ. ಆದ್ದರಿಂದ ಹಣ ಕೊಡುವ ಮೊದಲು ಗಾಜು, ಪಿನ್‌ಲಾಕ್, ಬೇರೆ ಬೇರೆ ದಪ್ಪದ ಕೆನ್ನೆಯ ಪ್ಯಾಡ್ ಇವು ಬಿಡಿಯಾಗಿ ಅಂಗಡಿಯಲ್ಲಿ ಇವೆಯೇ ಎಂದು ಕೇಳಿ. ‘ತರಿಸಿಕೊಡುತ್ತೇವೆ’ ಎಂದರೆ ಸಾಲದು, ಕಪಾಟಿನಿಂದ ತೆಗೆದು ತೋರಿಸಲಿ.