ಮಾಡಿನ ಮೇಲಿನ 4ಜಿ ಆಂಟೆನಾ: ಒಂದು ಮಳೆಗಾಲ ಪೂರ್ತಿ ನೋಡಿದ್ಮೇಲೆ ಬರೀತಿರೋ ರಿವ್ಯೂ

ಮಲೆನಾಡು ಕಡೆಯವ್ರು ತುಂಬಾ ಜನ ಕೇಳ್ತಿರ್ತೀರ, ಮನೆ ಮೇಲೆ ಆಂಟೆನಾ ಹಾಕಿಸಿದ್ರೆ ನೆಟ್ ಬರತ್ತಾ ಅಂತ. ಉತ್ತರ ಮೊದ್ಲೇ ಹೇಳ್ಬಿಡ್ತೀನಿ. ಅಂಗಳದಲ್ಲೋ ಮಾಡಿನ ಮೇಲೋ ತೋಟದ ಏರಿ ಮೇಲೋ ಎಲ್ಲಾದ್ರೂ ಒಂದು ಜಾಗದಲ್ಲಿ ಒಂದೇ ಒಂದು ಕಡ್ಡಿ 4ಜಿ ಬರ್ತಾ ಇದ್ರೂ ಸಾಕು, ಧೈರ್ಯವಾಗಿ ಹಾಕಿಸಿ. ಎಲ್ಲೂ ಏನೂ ಇಲ್ಲ ಅಂದ್ರೆ ಎಷ್ಟೇ ದುಬಾರಿದು ತಂದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಇದು ಸಿಗ್ನಲ್ ಹುಟ್ಸೋ ಯಂತ್ರ ಅಲ್ಲ, ಎಲ್ಲಿಂದಲೋ ಸಣ್ಣಗೆ ಬರ್ತಿರೋದನ್ನ ಒಂದೇ ದಿಕ್ಕಿಗೆ ಮುಖ ಮಾಡಿ ಹಿಡ್ಕೊಳ್ಳೋ ಸಾಮಾನು ಅಷ್ಟೆ.

ನಮ್ಮನೆ ಇರೋದು ಹೊಸನಗರ ತಾಲೂಕಲ್ಲಿ, ನಗರ ಅನ್ನೋ ಪೇಟೆಯಿಂದ ಇನ್ನೂ ಒಳಗೆ. ಮೂರು ಕಡೆ ಗುಡ್ಡ, ಒಂದು ಕಡೆ ಮಾತ್ರ ಕಣಿವೆ ಬಿಟ್ಕೊಂಡಿದೆ. ಹೆಂಚಿನ ಮನೆ, ಅಂಗಳಕ್ಕೆ ತಗಡಿನ ಚಪ್ಪರ, ಆ ತಗಡು ಇದ್ಯಲ್ಲ ಅದು ಸಿಗ್ನಲ್ಲಿಗೆ ಗೋಡೆಗಿಂತ ಕೆಟ್ಟದು. 2020-21ರಲ್ಲಿ ಆನ್‌ಲೈನ್ ಕ್ಲಾಸ್ ಅಂದಾಗ ನಮ್ ಕಡೆ ಮಕ್ಕಳು ಕೊಡೆ ಹಿಡ್ಕೊಂಡು ಗುಡ್ಡದ ಮೇಲೆ ಕೂತು ಪಾಠ ಕೇಳಿದ್ದು ನಿಮಗೆಲ್ಲ ನೆನಪಿರ್ಬೋದು, ನೆಟ್‌ವರ್ಕ್ ಇಲ್ಲ ಅಂದ್ರೆ ವೋಟಿಲ್ಲ ಅಂತ ಊರೂರಲ್ಲಿ ಬೋರ್ಡ್ ಹಾಕಿದ್ದೂ ಆಯ್ತು. ಆಮೇಲೆ ಟವರ್‌ಗಳು ಬಂದ್ವು, ಇಲ್ಲ ಅಂತಲ್ಲ. 2022ರಲ್ಲಿ ಕೇಂದ್ರ ಸರ್ಕಾರ ನೆಟ್‌ವರ್ಕ್ ಇಲ್ಲದ ಹಳ್ಳಿಗಳಿಗೆ ಅಂತಲೇ 4ಜಿ ಯೋಜನೆ ಮಾಡಿ ಬಿಎಸ್‌ಎನ್‌ಎಲ್‌ಗೆ ವಹಿಸ್ತು. ಆದ್ರೆ ಟವರ್ ಮೇನ್ ರೋಡ್ ಪಕ್ಕ ಬಂದ ಮಾತ್ರಕ್ಕೆ ಗುಡ್ಡದ ಆಚೆ ತಗ್ಗಲ್ಲಿರೋ ಒಂಟಿ ಮನೆಗೆ ಅದು ಮುಟ್ಟಲ್ಲ, ನಮ್ಮ ಕಡೆ ಅರ್ಧಕ್ಕರ್ಧ ಮನೆಗಳು ಹಂಗೇ ಇರೋದು, ಲೆಕ್ಕದಲ್ಲಿ ಊರಿಗೆ ನೆಟ್‌ವರ್ಕ್ ಇದೆ, ಮನೆಯಲ್ಲಿ ಇಲ್ಲ. ತಂಗಿ ಬೆಂಗಳೂರಿನ ಕಂಪನಿ ಕೆಲಸ ಮನೆಯಿಂದಲೇ ಮಾಡ್ತೀನಿ ಅಂದಾಗ ನಾವು ಈ ಆಂಟೆನಾ ಕಡೆ ತಲೆ ಹಾಕಿದ್ದು. ಫೈಬರ್ ಮೊದ್ಲು ವಿಚಾರಿಸಿದ್ವಿ, ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಡಿದ್ರೆ ಮತ್ತೆ ಜೋಡಿಸೋರು ಬರೋದು ಯಾವಾಗ್ಲೋ, ಅದೂ ನಮ್ಮನೆವರೆಗೆ ಎಳೆಯೋಕೆ ಯಾರೂ ಒಪ್ಲಿಲ್ಲ.

ತಂದಿದ್ದು ಎಲ್‌ಪಿಡಿಎ ಅಂತಾರಲ್ಲ ಆ ಥರದ್ದು, ಲಾಗ್ ಪೀರಿಯಾಡಿಕ್, ಒಂದೇ ಬೂಮ್ (ನಡುವಿನ ಉದ್ದ ಕೋಲು) ಮೇಲೆ ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಕಡ್ಡಿ ಇರೋದು, ಎರಡು ಪೀಸು. 698ರಿಂದ 960 ಮತ್ತೆ 1710ರಿಂದ 2700 ಮೆಗಾಹರ್ಟ್ಜ್ ತನಕ ಹಿಡಿಯತ್ತೆ. ಈ ರೇಂಜ್ ಯಾಕೆ ಮುಖ್ಯ ಅಂದ್ರೆ, ಜಿಯೋ 4ಜಿ ಓಡೋದು 850, 1800, 2300ರಲ್ಲಿ, ಏರ್‌ಟೆಲ್ 900, 1800, 2300ರಲ್ಲಿ, ಬಿಎಸ್‌ಎನ್‌ಎಲ್‌ ಹೊಸ 4ಜಿ 700 ಮತ್ತೆ 2100ರಲ್ಲಿ, ಹಂಗಾಗಿ ನಾಳೆ ಸಿಮ್ ಬದಲಾಯಿಸಿದ್ರೂ ಆಂಟೆನಾ ಬದಲಾಯಿಸ್ಬೇಕಾಗಿಲ್ಲ. ಯಾಗಿ ಅನ್ನೋ ಇನ್ನೊಂದು ಥರದ ಆಂಟೆನಾ ಒಂದೇ ಬ್ಯಾಂಡಿಗೆ, ಅಂದ್ರೆ ಮೇಲೆ ಹೇಳಿದಂಥ ಒಂದು ಫ್ರೀಕ್ವೆನ್ಸಿಗೆ, ಇನ್ನೂ ಚೂಪಾಗಿ ಕೆಲಸ ಮಾಡತ್ತೆ ನಿಜ, ಆದ್ರೆ ನಮ್ ಟವರಲ್ಲಿ ಯಾವ ಬ್ಯಾಂಡ್ ಯಾವಾಗ ಬರತ್ತೋ ಹೋಗತ್ತೋ, ಅದನ್ನ ನಂಬ್ಕೊಂಡು ಒಂದೇ ಬ್ಯಾಂಡಿನದು ತರೋಕೆ ಮನಸ್ಸು ಬರ್ಲಿಲ್ಲ. 5ಜಿ ಬೇಕು ಅನ್ನೋರು 3300ರ ಮೇಲಿಂದೂ ಹಿಡಿಯೋ ಥರದ್ದು ನೋಡ್ಬೇಕು, ಇದರಲ್ಲಿ ಅದಾಗಲ್ಲ.

ಎರಡು ಪೀಸು ಯಾಕೆ ಅಂತ ಅಪ್ಪಯ್ಯನೂ ಕೇಳಿದ್ರು, ಒಂದು ಸಾಲಲ್ವನೋ ಅಂತ. 4ಜಿ ಟವರ್ ಎರಡು ಧಾರೆಯಾಗಿ ಡೇಟಾ ಕಳಿಸತ್ತೆ, ಒಂದು ಈ ಕಡೆ ಓರೆ 45 ಡಿಗ್ರಿ, ಇನ್ನೊಂದು ಆ ಕಡೆ ಓರೆ 45 ಡಿಗ್ರಿ. ರೂಟರಲ್ಲೂ ಅದಕ್ಕೇ ಎರಡು ಪೋರ್ಟ್ ಇರೋದು. ಒಂದೇ ಆಂಟೆನಾ ಹಾಕಿದ್ರೆ ಕಡ್ಡಿ ಫುಲ್ ತೋರ್ಸತ್ತೆ, ಸ್ಪೀಡ್ ಮಾತ್ರ ಬರೋದ್ರಲ್ಲಿ ಅರ್ಧದ ಆಸುಪಾಸು. ಎರಡನ್ನೂ ಹಂಗೇ, ಒಂದು ಈ ಕಡೆ ಇನ್ನೊಂದು ಆ ಕಡೆ ಓರೆಯಾಗಿ ಕಟ್ಬೇಕು. ಇನ್ನೊಂದು, ಮೊಬೈಲಿಗೆ ಇದನ್ನ ನೇರ ಹಾಕೋಕಾಗಲ್ಲ, ಸಿಮ್ ಹಾಕೋ 4ಜಿ ರೂಟರ್ ಬೇಕು, ಅದರ ಆಂಟೆನಾ ಬಿಚ್ಚಿ ಎಸ್‌ಎಂಎ ಅನ್ನೋ ತಿರುಪಿನ ಕನೆಕ್ಟರ್ ಹಾಕೋ ಹಂಗಿರ್ಬೇಕು. ಟಿಪಿ-ಲಿಂಕ್ ಆರ್ಚರ್ ಎಂಆರ್200, ಎಂಆರ್600 ಇಂಥವ್ರಲ್ಲಿ ಬಿಚ್ಚೋಕೆ ಬರತ್ತೆ. ಜೇಬಲ್ಲಿಡೋ ಸಣ್ಣ ಹಾಟ್‌ಸ್ಪಾಟ್‌ಗಳಲ್ಲಿ ಸಾಮಾನ್ಯವಾಗಿ ಬರಲ್ಲ, ತಗೊಳ್ಳೋ ಮುಂಚೆ ನೋಡ್ಕೊಳ್ಳಿ.

ಈಗ ಗೇನ್ ವಿಷ್ಯ, ಅಂದ್ರೆ ಆಂಟೆನಾ ಒಂದು ದಿಕ್ಕಿನ ಸಿಗ್ನಲ್ಲನ್ನ ಎಷ್ಟು ಜೋರಾಗಿ ಹಿಡಿಯತ್ತೆ ಅನ್ನೋದು, ಅದನ್ನ ಡಿಬಿಐ ಲೆಕ್ಕದಲ್ಲಿ ಹೇಳ್ತಾರೆ. ಆನ್‌ಲೈನಲ್ಲಿ ಹುಡುಕಿದ್ರೆ ಅಂಗೈಯಷ್ಟಿರೋ ಪ್ಲಾಸ್ಟಿಕ್ ಡಬ್ಬಿಗೆ 35 ಡಿಬಿಐ ಅಂತ ಬರೆದು ಐನೂರು ರೂಪಾಯಿಗೆ ಮಾರ್ತಿರ್ತಾರೆ, ನೋಡಿದ್ರೆ ಸಿಟ್ಟು ಬರತ್ತೆ. 1800 ಮೆಗಾಹರ್ಟ್ಜಲ್ಲಿ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್, ಅಲ್ಲಿ ನಿಜವಾಗ್ಲೂ 35 ಡಿಬಿಐ ಬೇಕಂದ್ರೆ ಹತ್ತಿರತ್ತಿರ ನಾಲ್ಕು ಮೀಟರ್ ಅಗಲದ ಡಿಶ್ ಬೇಕಾಗತ್ತೆ, ಅದು ನಮ್ಮನೆ ಕೊಟ್ಟಿಗೆ ಬಾಗಿಲಿಗಿಂತ ದೊಡ್ಡದು. ಒಳ್ಳೇ ಎಲ್‌ಪಿಡಿಎಗೆ ನಿಜವಾದ ಗೇನ್ 9, 10 ಡಿಬಿಐ, ಕೆಳಗಿನ ಬ್ಯಾಂಡಲ್ಲಿ ಇನ್ನೂ ಸ್ವಲ್ಪ ಕಮ್ಮಿ. ನಮ್ಮದರ ಮೇಲೂ 12 ಅಂತ ಬರೆದಿತ್ತು, ನಾನು ಅದನ್ನ 9 ಅಂತಲೇ ಓದ್ಕೊಂಡೆ. ಬಡವರು, ಓದೋ ಮಕ್ಕಳಿರೋ ಮನೆಯವ್ರು ಆ 35 ನಂಬಿ ದುಡ್ಡು ಹಾಕ್ತಾರಲ್ಲ, ಅದಕ್ಕೇ ಇಷ್ಟು ಬಿಡಿಸಿ ಬರೀತಿರೋದು.

ಆಂಟೆನಾಕ್ಕಿಂತ ದೊಡ್ಡ ವಿಷ್ಯ ಕೇಬಲ್. ಇದನ್ನ ಯಾವ ಅಂಗಡಿಯವ್ನೂ ಹೇಳಲ್ಲ. ಆಂಟೆನಾ ಜೊತೆ ಕೊಡೋ ತೆಳು ಕಪ್ಪು ವೈರ್ ಇರತ್ತಲ್ಲ, ಆರ್‌ಜಿ58 ಥರದ್ದು, ಅದರಲ್ಲಿ 1800ಕ್ಕೆ ಒಂದು ಮೀಟರಿಗೆ ಮುಕ್ಕಾಲು ಡಿಬಿ (ಸಿಗ್ನಲ್ ಏರಿಳಿತದ ಅಳತೆ, ಮೂರು ಡಿಬಿ ಹೋದ್ರೆ ಶಕ್ತಿ ಅರ್ಧ) ಹತ್ರ ಹೋಗ್ಬಿಡತ್ತೆ, ಹತ್ತು ಮೀಟರ್ ಎಳೆದ್ರೆ ಏಳೆಂಟು ಡಿಬಿ ಸೋರಿಹೋಯ್ತು, ಅಂದ್ರೆ ಆಂಟೆನಾ ಕಷ್ಟಪಟ್ಟು ಕೂಡಿಸಿದ್ದೆಲ್ಲ ವೈರಲ್ಲೇ ಮುಗೀತು. ಎಲ್‌ಎಂಆರ್400 ದಪ್ಪ ಕೇಬಲ್ಲಲ್ಲಿ ಅದೇ ಹತ್ತು ಮೀಟರಿಗೆ ಎರಡು ಡಿಬಿ ಒಳಗೆ. ದುಬಾರಿ, ಬೆರಳು ದಪ್ಪ, ಬಗ್ಸೋದೂ ಕಷ್ಟ, ನಮ್ಮ ಲೆಕ್ಕದಲ್ಲಿ ಕೇಬಲ್ಲು ಕನೆಕ್ಟರ್‌ಗೇ ಆಂಟೆನಾಕ್ಕಿಂತ ಜಾಸ್ತಿ ಹೋಯ್ತು. ಆದ್ರೆ ಇದರಲ್ಲಿ ದುಡ್ಡು ಉಳಿಸೋ ಒಂದು ದಾರಿ ಇದೆ, ಅದೇ ನಾವು ಮಾಡಿದ್ದು: ರೂಟರನ್ನ ಜಗಲಿಗೆ ತರಲೇ ಇಲ್ಲ, ಅಟ್ಟದ ಮೇಲೇ ಇಟ್ವಿ. ಆಂಟೆನಾದಿಂದ ರೂಟರಿಗೆ ಐದೇ ಮೀಟರ್ ದಪ್ಪ ಕೇಬಲ್, ಅಲ್ಲಿಂದ ಕೆಳಗೆ ಮಾಮೂಲಿ ಲ್ಯಾನ್ ಕೇಬಲ್. ಲ್ಯಾನ್ ಕೇಬಲ್ ನೂರು ಮೀಟರ್ ಎಳೆದ್ರೂ ಸ್ಪೀಡ್ ಕಮ್ಮಿ ಆಗಲ್ಲ, ರೇಟೂ ಕಮ್ಮಿ. ಕೆಳಗೆ ಮನೇಲಿದ್ದ ಹಳೇ ವೈಫೈ ರೂಟರನ್ನೇ ಆ ತುದಿಗೆ ಹಾಕಿದ್ರೆ ಮನೆ ತುಂಬಾ ವೈಫೈ.

ಕಟ್ಟೋಕೆ ಬಂದಿದ್ದು ಡಿಶ್ ಹಾಕೋ ಹುಡುಗ. ಟವರ್ ಎಲ್ಲಿದೆ ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ ದೂರಸಂಪರ್ಕ ಇಲಾಖೆದೇ ತರಂಗ್ ಸಂಚಾರ್ ಅಂತ ವೆಬ್‌ಸೈಟ್ ಇದೆ, ಮ್ಯಾಪಲ್ಲಿ ಸುತ್ತಮುತ್ತಲ ಟವರ್ ತೋರ್ಸತ್ತೆ. ಫೋನಿಗೆ ನೆಟ್‌ಮಾನ್‌ಸ್ಟರ್ ಥರದ ಆ್ಯಪ್ ಹಾಕ್ಕೊಂಡ್ರೆ ಯಾವ ಬ್ಯಾಂಡು, ಎಷ್ಟು ಸಿಗ್ನಲ್ಲು ಅಂತ ಅಂಕಿಯಲ್ಲಿ ಸಿಗತ್ತೆ. ಕಡ್ಡಿ ನೋಡ್ಬೇಡಿ ದಯವಿಟ್ಟು, ಕಡ್ಡಿ ಒಂದೊಂದು ಫೋನಲ್ಲಿ ಒಂದೊಂದು ಥರ. ಆರ್‌ಎಸ್‌ಆರ್‌ಪಿ ಅಂತ ಇರತ್ತೆ, ಸಿಗ್ನಲ್ ಎಷ್ಟು ಜೋರಾಗಿದೆ ಅನ್ನೋ ಅಂಕಿ, ಮೈನಸ್ 80, 90 ಅಂದ್ರೆ ಚೆನ್ನಾಗಿದೆ, ಮೈನಸ್ 105 ಪರವಾಗಿಲ್ಲ, ಮೈನಸ್ 120 ಹತ್ರ ಹೋದ್ರೆ ನೇತಾಡ್ತಿದೆ ಅಂತ. ಇನ್ನೊಂದು ಎಸ್‌ಐಎನ್‌ಆರ್, ಅದು ಸಿಗ್ನಲ್ ಎಷ್ಟು ತಿಳಿಯಾಗಿದೆ ಅಂತ ಹೇಳತ್ತೆ, 20ರ ಮೇಲಿದ್ರೆ ಸೂಪರ್, ಸೊನ್ನೆ ಹತ್ರ ಇದ್ರೆ ಕಷ್ಟ. ಆಂಟೆನಾ ತಿರುಗ್ಸೋವಾಗ ನಾನು ನೋಡಿದ್ದು ಈ ಎರಡನೇದನ್ನೇ. ಯಾಕಂದ್ರೆ ನಮ್ಗೆ ಎರಡು ಟವರ್ ಸಿಗ್ತಿತ್ತು, ಜೋರಾಗಿ ಸಿಗೋದು ಪೇಟೆದು, ಅಲ್ಲಿ ಜನ ಜಾಸ್ತಿ ಇರೋದ್ರಿಂದ ಸಂಜೆ ಆದ್ರೆ ತೆವಳತ್ತೆ, ಇನ್ನೊಂದು ಕಣಿವೆಯಾಚೆಗಿಂದು, ಸ್ವಲ್ಪ ದುರ್ಬಲ ಆದ್ರೆ ಖಾಲಿ. ದಿಕ್ಕಿರೋ ಆಂಟೆನಾದ ನಿಜವಾದ ಉಪಕಾರ ಗೊತ್ತಾಗಿದ್ದು ಇಲ್ಲೇ, ಬೇಕಾದ ಟವರ್ ಕಡೆ ಮುಖ ಮಾಡಿದ್ರೆ ಬೆನ್ನಿಂದ ಬರೋ ಇನ್ನೊಂದು ಟವರಿನ ಗಲಾಟೆ ತಾನೇ ಕಮ್ಮಿ ಆಗತ್ತೆ.

ಹುಡುಗ ಮೊದ್ಲು ಉದ್ದ ಕಡ್ಡಿ ಇರೋ ಕಡೆನ ಟವರಿಗೆ ತಿರುಗ್ಸೋಕೆ ಹೊರಟಿದ್ದ. ಹಂಗಲ್ಲ ಮಾರಾಯ, ಗಿಡ್ಡ ಕಡ್ಡಿ ಇರೋ ಚೂಪು ತುದಿ ಟವರ್ ಕಡೆ ಇರ್ಬೇಕು ಅಂತ ಹೇಳಿ ಕಟ್ಟಿಸಿದ್ದು. ನಮ್ಮೂರಲ್ಲಿ ಉಲ್ಟಾ ಕಟ್ಟಿರೋ ಮನೆ ನಾನೇ ಕಂಡಿದೀನಿ, ಅವ್ರು ಆಂಟೆನಾನೇ ಸರಿ ಇಲ್ಲ ಅಂತಿದ್ರು.

ಕಂಬದ ಬದ್ಲು ಅಡಿಕೆ ಮರಕ್ಕೇ ಕಟ್ಟಿದ್ರಾಯ್ತು ಅಂತ ಪಕ್ಕದ ಮನೆ ಮಾವ ಸಲಹೆ ಕೊಟ್ಟಿದ್ರು, ಬೇಡ, ಗಾಳಿಗೆ ಅಡಿಕೆ ಮರ ತೂಗೋ ತೂಗಿಗೆ ಆಂಟೆನಾ ಮುಖ ಟವರಲ್ಲಿ ನಿಲ್ಲಲ್ಲ. ಜಿಐ ಪೈಪು, ಗೋಡೆಗೆ ಎರಡು ಕಡೆ ಕ್ಲಾಂಪು, ಮಾಡಿನ ತುದಿಗಿಂತ ಎತ್ತರಕ್ಕೆ. ಎತ್ತರಕ್ಕೆ ಖರ್ಚು ಮಾಡೋ ಪ್ರತಿ ರೂಪಾಯಿಯೂ ಆಂಟೆನಾಕ್ಕೆ ಮಾಡೋದಕ್ಕಿಂತ ಜಾಸ್ತಿ ಕೊಡತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಜಗಲಿಯಲ್ಲಿ ರೂಟರ್ ತನ್ನದೇ ಆಂಟೆನಾದಲ್ಲಿ ಮೈನಸ್ 116 ತೋರಿಸ್ತಿತ್ತು, ಈಗ ಮೈನಸ್ 95. ಮೂರು ಡಿಬಿಗೆ ಶಕ್ತಿ ಎರಡು ಪಟ್ಟು, ಆ ಲೆಕ್ಕದಲ್ಲಿ 21 ಡಿಬಿ ಅಂದ್ರೆ ನೂರು ಪಟ್ಟಿಗಿಂತ ಜಾಸ್ತಿ. ಅದರಲ್ಲಿ ಆಂಟೆನಾದ ಪಾಲು ಆರೇಳು ಡಿಬಿ ಇರ್ಬೋದು, ಉಳಿದಿದ್ದೆಲ್ಲ ತಗಡು, ಗೋಡೆ, ಮರದ ಸೊಪ್ಪಿಂದ ಮೇಲೆದ್ದು ಹೊರಗೆ ಬಂದಿದ್ದಕ್ಕೆ ಸಿಕ್ಕಿದ್ದು. ಸ್ಪೀಡು ಮುಂಚೆ ಒಂದು ಎಂಬಿಪಿಎಸ್ ಬಂದ್ರೆ ಹೆಚ್ಚು, ಈಗ ಹಗಲು 18, 20 ಬರತ್ತೆ, ಸಂಜೆ 8 ಹತ್ತಕ್ಕೆ ಇಳಿಯತ್ತೆ. ತಂಗಿ ಮೀಟಿಂಗಲ್ಲಿ ವಿಡಿಯೋ ಆನ್ ಮಾಡ್ಕೊಂಡೇ ಮಾತಾಡ್ತಾಳೆ. ಇನ್ನೊಂದು ದೊಡ್ಡ ಉಪಕಾರ ವೈಫೈ ಕಾಲಿಂಗ್, ಜಿಯೋ ಏರ್‌ಟೆಲ್ ಎರಡರಲ್ಲೂ ಇದೆ, ಫೋನ್ ಸೆಟ್ಟಿಂಗಲ್ಲಿ ಆನ್ ಮಾಡಿದ್ರೆ ಸಾಕು, ಅಮ್ಮ ಈಗ ಅಡುಗೆಮನೆಯಲ್ಲಿ ನಿಂತ್ಕೊಂಡೇ ಫೋನಲ್ಲಿ ಮಾತಾಡ್ತಾರೆ, ಮುಂಚೆ ಫೋನ್ ಬಂತು ಅಂದ್ರೆ ಗೇಟಿನ ಹತ್ರ ಓಡ್ಬೇಕಿತ್ತು, ರಾತ್ರಿ ಹುಷಾರಿಲ್ದಾಗ ಡಾಕ್ಟರಿಗೆ ಫೋನ್ ಮಾಡೋಕೂ ಟಾರ್ಚ್ ಹಿಡ್ಕೊಂಡು ಅಲ್ಲಿಗೇ ಹೋಗ್ಬೇಕಿತ್ತು.

ಮಳೆಗಾಲದ ಬಗ್ಗೆ ಹೇಳ್ದಿದ್ರೆ ನಮ್ ಕಡೆ ರಿವ್ಯೂ ಪೂರ್ತಿ ಆಗಲ್ಲ. ನಗರ, ಮಾಸ್ತಿಕಟ್ಟೆ, ಹುಲಿಕಲ್ ಕಡೆ ಮಳೆ ಆಗುಂಬೆಗೇನೂ ಕಮ್ಮಿ ಇಲ್ಲ. ಈ ಫ್ರೀಕ್ವೆನ್ಸಿಯಲ್ಲಿ ಮಳೆ ಹನಿಯಿಂದ ಸಿಗ್ನಲ್ ಅಷ್ಟೇನೂ ಕಮ್ಮಿ ಆಗಲ್ಲ, ಆದ್ರೆ ಮಧ್ಯದಲ್ಲಿ ಮರಗಳಿದ್ರೆ ಒದ್ದೆ ಎಲೆ ತುಂಬಾ ನುಂಗತ್ತೆ, ಜುಲೈಯಲ್ಲಿ ನಮ್ಗೆ ನಾಲ್ಕೈದು ಡಿಬಿ ಇಳೀತು, ನೆಟ್ ಮಾತ್ರ ನಿಲ್ಲಲಿಲ್ಲ. ನಿಜವಾದ ಶತ್ರು ಕನೆಕ್ಟರ್ ಒಳಗೆ ಇಳಿಯೋ ನೀರು. ಮಾಮೂಲಿ ಇನ್ಸುಲೇಶನ್ ಟೇಪ್ ಸಾಲಲ್ಲ, ಎಳೆದು ಸುತ್ತಿದ್ರೆ ತನ್ನಲ್ಲೇ ಅಂಟ್ಕೊಂಡು ರಬ್ಬರ್ ಥರ ಆಗೋ ಟೇಪ್ ಬರತ್ತೆ, ಅದನ್ನೇ ಸುತ್ತಿ. ಕೇಬಲ್ ಮನೆಯೊಳಗೆ ಬರೋ ಮುಂಚೆ ಕೆಳಗೆ ಒಂದು ಬಳುಕು ಬಿಟ್ರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗತ್ತೆ. ಮಂಗ ಬಂದು ಕೂರ್ತವೆ, ಅವು ಹಾರೋ ರಭಸಕ್ಕೆ ಆಂಟೆನಾ ತಿರುಗ್ಬಾರ್ದು ಅಂತ ಯು ಕ್ಲಾಂಪಿಗೆ ಎರಡೆರಡು ನಟ್ ಹಾಕ್ಸಿದೀವಿ.

ಸಿಡಿಲಿನ ವಿಷ್ಯದಲ್ಲಿ ಉದಾಸೀನ ಬೇಡ. ಏಪ್ರಿಲ್ ಮೇ ತಿಂಗಳಲ್ಲಿ ನಮ್ ಕಡೆ ಹೊಡೆಯೋ ಸಿಡಿಲು ನಿಮ್ಗೆ ಗೊತ್ತು. ಕಂಬಕ್ಕೆ ಸರಿಯಾದ ಅರ್ಥಿಂಗು, ಕೇಬಲ್ಲಿಗೆ ಗ್ಯಾಸ್ ಟ್ಯೂಬ್ ಇರೋ ಅರೆಸ್ಟರ್ (ಸಿಡಿಲಿನ ಕರೆಂಟನ್ನ ನೆಲಕ್ಕೆ ಇಳಿಸೋ ಸಾಮಾನು) ಹಾಕ್ಸಿ, ಆದ್ರೆ ನೇರ ಸಿಡಿಲು ಬಡಿದ್ರೆ ಅದೂ ಕಾಪಾಡಲ್ಲ, ಗುಡುಗು ಶುರುವಾಗೋ ಸೂಚನೆ ಕಂಡ್ರೆ ರೂಟರಿಂದ ಆಂಟೆನಾ ಕೇಬಲ್ಲು, ಲ್ಯಾನು, ಕರೆಂಟು ಮೂರನ್ನೂ ಬಿಚ್ಚಿಡೋದೇ ಸರಿ. ಗುಡುಗು ಶುರುವಾದ ಮೇಲೆ ಮುಟ್ಟೋಕೆ ಹೋಗ್ಬೇಡಿ.

ಆಗದೇ ಇರೋದನ್ನೂ ಹೇಳ್ಬೇಕು. ಟವರಲ್ಲೇ ಕರೆಂಟ್ ಹೋಗಿ ಬ್ಯಾಟರಿ ಮುಗಿದ್ರೆ ನಮ್ಮ ಆಂಟೆನಾ ಏನೂ ಮಾಡೋಕಾಗಲ್ಲ, ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲ ಅಂದ್ರೆ ಮೂರನೇ ದಿನ ಟವರೂ ಇಲ್ಲ ಅಂತಲೇ ಲೆಕ್ಕ. ಮನೇಲಿ ಕರೆಂಟ್ ಹೋದಾಗ ಅಂತ ರೂಟರಿಗೆ ಸಣ್ಣ ಯುಪಿಎಸ್ ಹಾಕಿದೀವಿ, ತಗೊಳ್ಳೋವಾಗ ರೂಟರ್ 9 ವೋಲ್ಟೋ 12 ವೋಲ್ಟೋ ಅಂತ ನೋಡಿ ತಗೊಳ್ಳಿ. ಟವರಿಗೂ ಮನೆಗೂ ಮಧ್ಯ ಪೂರ್ತಿ ಗುಡ್ಡ ಅಡ್ಡ ಇದ್ರೂ ಅಷ್ಟೆ, ಕೆಳಗಿನ ಬ್ಯಾಂಡು 700, 850, 900 ಮಾತ್ರ ಗುಡ್ಡದ ಅಂಚು ಸುತ್ಕೊಂಡು ಸ್ವಲ್ಪ ಬರ್ಬೋದು, ಅದರಲ್ಲಿ ಸ್ಪೀಡು ಕಮ್ಮಿ.

ಅಂಗಡಿಯಲ್ಲಿ ಆಂಟೆನಾ ಕೇಳಿದ್ರೆ ಬೂಸ್ಟರ್ ತಗೊಳ್ಳಿ, ರಿಪೀಟರ್ ತಗೊಳ್ಳಿ, ಮನೆ ತುಂಬಾ ಕಡ್ಡಿ ಬರತ್ತೆ ಅಂತಾರೆ. ತಗೋಬೇಡಿ. ಪರವಾನಗಿ ಇಲ್ದೆ ಅದನ್ನ ಮಾರೋದೂ ಇಟ್ಕೊಳ್ಳೋದೂ ನಮ್ ದೇಶದಲ್ಲಿ ಕಾನೂನಿಗೆ ವಿರುದ್ಧ, ಅದಕ್ಕಿಂತ ಮುಖ್ಯ ಅದು ಕಳಪೆ ಇದ್ರೆ ಟವರಿಗೇ ಗಲಾಟೆ ಕಳ್ಸಿ ಊರಿನ ಉಳಿದವ್ರ ನೆಟ್ಟೂ ಹಾಳಾಗತ್ತೆ. ರೂಟರಿಗೆ ವೈರಲ್ಲಿ ಜೋಡಿಸೋ ಆಂಟೆನಾದಲ್ಲಿ ಆಂಪ್ಲಿಫೈಯರ್ ಇರಲ್ಲ, ಆ ತೊಂದರೆ ಇಲ್ಲ.

ರೂಟರ್ ಸೇರಿ ಎಲ್ಲಾ ಲೆಕ್ಕ ಹಾಕಿದ್ರೆ ಹದಿನೈದು ಸಾವಿರದ ಹತ್ರ ಆಗಿದೆ. ಪೂರ್ತಿ ಖರ್ಚು ಮಾಡೋ ಮುಂಚೆ ಒಂದು ಪರೀಕ್ಷೆ ಮಾಡಿ: ಏಣಿ ಹತ್ತಿ ಮಾಡಿನ ಎತ್ತರಕ್ಕೆ ಫೋನ್ ಹಿಡಿದು ಸಿಗ್ನಲ್ ಅಂಕಿ ನೋಡಿ, ಮೈನಸ್ 112ಕ್ಕಿಂತ ಚೆನ್ನಾಗಿದ್ರೆ ಮುಂದುವರೀರಿ. ಹಾಕ್ಸೋದಾದ್ರೆ ಮಾರ್ಚ್ ಒಳಗೆ ಹಾಕ್ಸಿ, ಜೂನ್ ಆದ್ಮೇಲೆ ಪಾಚಿ ಕಟ್ಟಿರೋ ಹೆಂಚಿನ ಮೇಲೆ ಹತ್ತೋಕೆ ಯಾರೂ ಬರಲ್ಲ, ಬರ್ತೀನಿ ಅಂದ್ರೂ ಹತ್ತಿಸ್ಬೇಡಿ.