ರೈಟ್ ಸಹೋದರರ ಕ್ಯಾಂಪ್: ಆ ಎರಡು ಶೆಡ್‌ಗಳನ್ನು ನೋಡದೆ ಬರಬೇಡಿ

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿರುವ ರೈಟ್ ಬ್ರದರ್ಸ್ ನ್ಯಾಷನಲ್ ಮೆಮೋರಿಯಲ್‌ಗೆ ಹೋಗಿದ್ದೆ. ಹೆಚ್ಚಿನವರು ನೇರ ಗುಡ್ಡದ ಮೇಲಿನ 60 ಅಡಿ ಗ್ರಾನೈಟ್ ಸ್ಮಾರಕಕ್ಕೆ ಹೋಗ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಕೆಳಗಿನ ಎರಡು ಮರದ ಶೆಡ್‌ಗಳು. 1903ರ ಕ್ಯಾಂಪನ್ನು ಅಲ್ಲೇ ಮತ್ತೆ ಕಟ್ಟಿಟ್ಟಿದ್ದಾರೆ. ಒಂದು ವಿಮಾನಕ್ಕೆ, ಇನ್ನೊಂದರಲ್ಲಿ ಅಡುಗೆ, ಊಟ, ಕೆಲಸ, ನಿದ್ದೆ ಎಲ್ಲ. ಮಲಗುವ ಜಾಗ ಮೇಲೆ ಮಾಡಿನ ತೊಲೆಗಳ ಹತ್ತಿರ, ಗೋಡೆಗೆ ಆಹಾರದ ಡಬ್ಬಿಗಳ ಸಾಲು. ಅದನ್ನು ನೋಡುತ್ತಾ ಸುಮ್ನೆ ನಿಂತುಬಿಟ್ಟೆ.

ಇಲ್ಲಿಗೆ ರೈಟ್ ಸಹೋದರರು 1900ರಿಂದ ಬರುತ್ತಿದ್ದರು, ಗಾಳಿ ಚೆನ್ನಾಗಿತ್ತು, ಬಿದ್ದರೂ ಮರಳು. 1901ರಲ್ಲಿ ಸೊಳ್ಳೆ ಕಾಟ ಒಂದು ಕಡೆ, ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಲೆಕ್ಕದಷ್ಟು ಮೇಲೇಳದ ಬೇಸರ ಇನ್ನೊಂದು ಕಡೆ. ಊರಿಗೆ ಹೋಗಿ ಪುಟ್ಟ ವಿಂಡ್ ಟನಲ್ (ಒಳಗೆ ಗಾಳಿ ಹಾಯಿಸುವ ಪೆಟ್ಟಿಗೆ) ಮಾಡಿ ರೆಕ್ಕೆಗಳನ್ನು ಪರೀಕ್ಷಿಸಿದರು, 1902ರಲ್ಲಿ ಹೊಸ ಗ್ಲೈಡರ್ ತಂದು ನೂರಾರು ಸಲ ಹಾರಿದರು. ಎಂಥಾ ತಾಳ್ಮೆ ಅಲ್ವಾ!

ಶೆಡ್‌ಗಳ ಪಕ್ಕದಲ್ಲೇ ಎಂಜಿನ್ ಇದ್ದ ವಿಮಾನದಲ್ಲಿ ಅವರು ಮಾಡಿದ 1903ರ ಡಿಸೆಂಬರ್ 17ರ ನಾಲ್ಕು ಹಾರಾಟಗಳ ಗುರುತಿನ ಕಲ್ಲುಗಳಿವೆ. ಮೊದಲನೆಯದು 12 ಸೆಕೆಂಡ್, 120 ಅಡಿ. ಕೊನೆಯದು 59 ಸೆಕೆಂಡ್, 852 ಅಡಿ. ದಯವಿಟ್ಟು ನಡೆದೇ ನೋಡಿ, ಆ ದೂರ ಕಾಲಿಗೆ ಗೊತ್ತಾಗಬೇಕು.

ನಾವು ಬುಕ್ ಮಾಡಿದ್ದ ಟೂರ್ ಬಸ್‌ನವರು ಕೊಟ್ಟಿದ್ದು ಬರೀ 40 ನಿಮಿಷ. ಸಾಲಲ್ಲ, ಬೇಜಾರಾಯ್ತು. ಸ್ವಂತ ಕಾರಲ್ಲಿ ಹೋಗಿ, ಅರ್ಧ ದಿನ ಇಟ್ಟುಕೊಳ್ಳಿ. ನೆರಳು ಕಮ್ಮಿ, ಟೋಪಿ ಮತ್ತು ನೀರು ಬೇಕೇ ಬೇಕು. ಐದಕ್ಕೆ ಐದು ಸ್ಟಾರ್.