ಹೆಸರು ಕಳೆದುಕೊಂಡವನ ಬಿರುಗಾಳಿ

ಎಮೆ ಸೆಜೇರ್ ಅವರ ‘ಯೂನ್ ತಾಂಪೆತ್’ ನಾಟಕದ ತಕರಾರು ಶೀರ್ಷಿಕೆಯಲ್ಲೇ ಶುರುವಾಗುತ್ತದೆ. ಶೇಕ್ಸ್‌ಪಿಯರ್‌ನ ‘ದಿ ಟೆಂಪೆಸ್ಟ್’ ಫ್ರಾನ್ಸಿಗೆ ಸೇರಿದ ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನ ಈ ಕವಿಯ ಕೈಯಲ್ಲಿ ‘ದಿ’ಯನ್ನು ಕಳಚಿಕೊಂಡು ‘ಒಂದು ಬಿರುಗಾಳಿ’ ಆಗಿದೆ. 1969ರಲ್ಲಿ ಪ್ರಕಟವಾಗಿ, ಅದೇ ವರ್ಷ ಟ್ಯುನೀಷಿಯಾದ ಹಮ್ಮಾಮೆತ್‌ನಲ್ಲಿ ಝಾನ್-ಮಾರಿ ಸೆರೊ ನಿರ್ದೇಶನದಲ್ಲಿ ರಂಗಕ್ಕೆ ಬಂದ ಈ ಕೃತಿಯನ್ನು ನಾನು ಓದಿದ್ದು ರಿಚರ್ಡ್ ಮಿಲ್ಲರ್ ಅವರ ಇಂಗ್ಲಿಷ್ ಅನುವಾದದಲ್ಲಿ.

ಕ್ಯಾಲಿಬನ್ ಇಲ್ಲಿ ಕಪ್ಪು ಗುಲಾಮ, ಏರಿಯಲ್ ಮಿಶ್ರವರ್ಣದ ಗುಲಾಮ; ಇಬ್ಬರಿಗೂ ಯಜಮಾನ, ಹೊರಗಿನಿಂದ ಬಂದು ದ್ವೀಪವನ್ನಾಳುವ ಮಾಂತ್ರಿಕ ಪ್ರಾಸ್ಪೆರೊ. ಕ್ಯಾಲಿಬನ್ನನ ಬಾಯಿಂದ ಹೊರಡುವ ಮೊದಲ ಶಬ್ದವೇ ‘ಉಹುರು’, ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ. ಮತ್ತೆ ನಿನ್ನ ಭಾಷೆಯನ್ನು ಗೊಣಗುತ್ತಿದ್ದೀಯಾ ಎಂದು ಪ್ರಾಸ್ಪೆರೊ ರೇಗುತ್ತಾನೆ. ಮಾತು ಕಲಿಸಿದ ಉಪಕಾರವನ್ನು ಯಜಮಾನ ಎತ್ತಿ ಆಡಿದಾಗ, ಸೌದೆ ಒಡೆ, ಪಾತ್ರೆ ತೊಳೆ, ಮೀನು ಹಿಡಿ ಎಂಬ ಅಪ್ಪಣೆಗಳು ತನಗೆ ಅರ್ಥವಾಗಲೆಂದಷ್ಟೇ ನೀನು ಕಲಿಸಿದ್ದು, ನಿನ್ನ ವಿದ್ಯೆಯನ್ನೆಲ್ಲ ನಿನ್ನ ದಪ್ಪ ಪುಸ್ತಕಗಳಲ್ಲೇ ಬಚ್ಚಿಟ್ಟುಕೊಂಡೆ ಎಂದು ಆಳು ಲೆಕ್ಕ ಒಪ್ಪಿಸುತ್ತಾನೆ. ಮೂಲದ ಕ್ಯಾಲಿಬನ್ ಕಲಿತ ಮಾತಿನಲ್ಲಿ ಶಪಿಸಿ ಸುಮ್ಮನಾಗುತ್ತಾನೆ. ಇವನು ತನ್ನ ಹೆಸರನ್ನೇ ತಿರಸ್ಕರಿಸಿ, ಹೆಸರನ್ನು ಕದಿಯಲಾದ ಮನುಷ್ಯನಾದ ತನ್ನನ್ನು ‘ಎಕ್ಸ್’ ಎಂದು ಕರೆಯಬೇಕೆನ್ನುತ್ತಾನೆ. ಈ ದೃಶ್ಯವನ್ನು ಗಟ್ಟಿಯಾಗಿ ಓದಿಕೊಳ್ಳಬೇಕು, ಮನಸ್ಸಿನಲ್ಲೇ ಓದಿದರೆ ಅದರ ಕಾವು ತಿಳಿಯದು.

ಆದರೂ ನನ್ನದೊಂದು ಆಕ್ಷೇಪವಿದೆ. ‘ಉಹುರು’ವಿನಂಥ ಒಂದೆರಡು ಶಬ್ದಗಳನ್ನು ಬಿಟ್ಟರೆ ಕ್ಯಾಲಿಬನ್ ಜಗಳವಾಡುವುದು ಫ್ರೆಂಚಿನಲ್ಲೇ, ಮಾರ್ಟಿನಿಕ್‌ನ ಜನ ಮನೆಯಲ್ಲಿ ಆಡುವ ಬೆರಕೆ ನುಡಿಯಾದ ಕ್ರಿಯೋಲ್‌ಗೆ ಇಲ್ಲಿ ಜಾಗ ಸಿಕ್ಕಿಲ್ಲ. ಕುಡುಕರ ದೃಶ್ಯಗಳಂತೂ ಮೂಲದ ಹಾಸ್ಯವನ್ನು ದಾಟುವುದಿಲ್ಲ. ದೇವತೆಗಳ ಮಂಗಳ ಸಮಾರಂಭಕ್ಕೆ ಕರೆಯದೆ ನುಗ್ಗಿ ಪೋಲಿ ಹಾಡು ಹಾಡುವ, ಪಶ್ಚಿಮ ಆಫ್ರಿಕಾದ ಯೊರುಬಾ ಜನರ ದೈವ ಎಶು ಮಾತ್ರ ಆ ಕೊರತೆಯನ್ನು ಸ್ವಲ್ಪ ತುಂಬುತ್ತಾನೆ.

ಕೊನೆಯನ್ನು ಸೆಜೇರ್ ಪೂರ್ತಿ ಬದಲಿಸಿದ್ದಾರೆ. ಪ್ರಾಸ್ಪೆರೊ ಊರಿಗೆ ಮರಳದೆ ದ್ವೀಪದಲ್ಲೇ ಉಳಿಯುತ್ತಾನೆ. ವರ್ಷಗಳು ಉರುಳಿ, ಮುದಿಯಾಗಿ, ಗುಹೆಗೆ ನುಗ್ಗುವ ಒಪಾಸಮ್ ಎಂಬ ಸಣ್ಣ ಪ್ರಾಣಿಗಳ ಕಾಟಕ್ಕೆ ಬೇಸತ್ತು, ಚಳಿಯೆಂದು ನರಳುತ್ತಾ ಕ್ಯಾಲಿಬನ್ನನನ್ನು ಕೂಗುವಾಗ, ಅಲೆಗಳ ಮತ್ತು ಹಕ್ಕಿಗಳ ಸದ್ದಿನ ನಡುವೆ ದೂರದಿಂದ ಸ್ವಾತಂತ್ರ್ಯದ ಹಾಡಿನ ತುಣುಕುಗಳಷ್ಟೇ ಕೇಳಿಸುತ್ತವೆ.

ಶೇಕ್ಸ್‌ಪಿಯರ್‌ನ ಇದೇ ನಾಟಕವನ್ನು ಕುವೆಂಪು ಸ್ವಾತಂತ್ರ್ಯಪೂರ್ವದಲ್ಲೇ ‘ಬಿರುಗಾಳಿ’ಯಾಗಿ ಕನ್ನಡಕ್ಕೆ ತಂದಿದ್ದರು. (ನಮ್ಮ ವ್ಯಾಕರಣಕ್ಕೆ ‘ದಿ’ಯ ಹಂಗೇ ಇಲ್ಲವಾದ್ದರಿಂದ ಶೀರ್ಷಿಕೆಯ ಜಗಳ ಅಲ್ಲಿ ಹುಟ್ಟುವಂತಿಲ್ಲ.) ಸೆಜೇರ್‌ರ ನಾಟಕವನ್ನು ನಮ್ಮ ರಂಗಕ್ಕೆ ತರುವವರು ಮಾತ್ರ ಮೊದಲೇ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ: ಪ್ರಾಸ್ಪೆರೊಗೆ ಗ್ರಂಥಸ್ಥ ಕನ್ನಡ ಕೊಟ್ಟರೆ, ಕ್ಯಾಲಿಬನ್ನನಿಗೆ ಯಾವ ಊರಿನ, ಯಾವ ಕೇರಿಯ ಕನ್ನಡ?